ಅಕ್ಕೋಳದ ಒಂದು ವರ್ಷ

ಕೊಲ್ಹಾಪುರದಿಂದ ಬೆಳಗಾವಿಯ ಕಡೆಗೆ ಹೆದ್ದಾರಿಯಲ್ಲಿ ಬರುವ ಪ್ರವಾಸಿ ಕಾಗಲ ಪಟ್ಟಣವನ್ನು ದಾಟಿ ಕೊಗನೋಳಿಯನ್ನು ತಲುಪಿದೊಡನೆ ಕರ್ನಾಟಕದ ಸೀಮೆಯನ್ನು ಪ್ರವೇಶಿಸಿದಂತೆ. ಅಲ್ಲಿಂದ ಮುಂದೆ, ನಿಪ್ಪಾಣಿ ಇನ್ನೂ ತುಸು ದೂರವಿರುವಾಗಲೇ, ಯಮಗರ್ಣಿಯ ಹತ್ತಿರ ಒಂದು ನದಿ ದಾರಿಗೆ ಅಡ್ಡವಾಗಿ ಬರುತ್ತದೆ. ಅದೇ ವೇದಗಂಗಾ. ಚೈತ್ರ ವೈಶಾಖಗಳಲ್ಲಿ ಅದನ್ನು ನೋಡಿದವರು ಇಷ್ಟು ಬಡಕಲು ನದಿಗೆ ಇಷ್ಟು ದೊಡ್ಡ ಸೇತುವೆಯೇಕೆ ಎಂದುಕೊಳ್ಳಬಹುದು. ಆಷಾಢದ ಮಳೆಯಲ್ಲಿ ನೋಡಿದವರಿಗೆ ಆ ಸಂಶಯ ಉಳಿಯದು. 2019ರ ಆಗಸ್ಟಿನಲ್ಲಿ ಮತ್ತು 2021ರ ಜುಲೈಯಲ್ಲಿ ಇದೇ ನದಿ ಯಮಗರ್ಣಿಯ ಬಳಿ ಹೆದ್ದಾರಿಯ ಮೇಲೆಯೇ ಏರಿ ಹರಿದು, ಪುಣೆ ಬೆಂಗಳೂರುಗಳ ನಡುವಣ ವಾಹನ ಸಂಚಾರವನ್ನು ನಿಲ್ಲಿಸಿಬಿಟ್ಟಿತ್ತು.

ಹೆದ್ದಾರಿಯನ್ನು ದಾಟಿದ ವೇದಗಂಗೆ ಪೂರ್ವಾಭಿಮುಖವಾಗಿ ಸಾಗುತ್ತ ಒಂದರ ಹಿಂದೆ ಒಂದರಂತೆ ಹಳ್ಳಿಗಳನ್ನು ಮುಟ್ಟುತ್ತದೆ: ಜತ್ರಾಟ, ಭೀವಶಿ, ಸಿದ್ನಾಳ, ಅಕ್ಕೋಳ, ಹುನ್ನರಗಿ, ಕುನ್ನೂರ. ಮುಂದೆ ಭೋಜದ ಬಳಿ ದೂಧಗಂಗೆಯನ್ನು ಕೂಡಿಕೊಂಡು ಕೃಷ್ಣೆಯ ಕಡೆಗೆ ಹೋಗುತ್ತದೆ. ಈ ಸಾಲಿನಲ್ಲಿ ಅಕ್ಕೋಳವೂ ಒಂದು. ಮೊದಲು ಚಿಕ್ಕೋಡಿ ತಾಲೂಕಿಗೆ ಸೇರಿದ್ದ ಈ ಊರು ನಿಪ್ಪಾಣಿ ಹೊಸ ತಾಲೂಕಾದ ಬಳಿಕ ಅದರ ವ್ಯಾಪ್ತಿಗೆ ಬಂದಿದೆ. ಶಿಲ್ಪಕಲೆಯನ್ನು ಅರಸಿ ದೂರದಿಂದ ಬರುವ ಯಾತ್ರಿಕರ ಪಟ್ಟಿಯಲ್ಲಿ ಈ ಊರಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಕಬ್ಬು, ತಂಬಾಕು, ಸೋಯಾ, ಜೋಳಗಳನ್ನು ಬೆಳೆಯುವ ಕಪ್ಪು ನೆಲದ ಸೀಮೆಯಿದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಅಥವಾ ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ. ಹೀಗೆ ಎರಡು ನುಡಿಗಳನ್ನು ಒಂದೇ ಉಸಿರಿನಲ್ಲಿ ಆಡುವ ಜನ.

ಇಂತಹ ಊರನ್ನು ನೋಡುವ ಬಗೆ ಬೇರೆಯೇ ಇದೆ. ಅರ್ಧ ದಿನದಲ್ಲಿ ಸುತ್ತಿ ಬಂದರೆ ಇದು ಕಾಣಿಸದು. ಹನ್ನೆರಡು ತಿಂಗಳು ಇಲ್ಲಿ ಏನೇನು ನಡೆಯುತ್ತದೆಂಬುದನ್ನು ತಿಳಿಯಬೇಕು. ಅದನ್ನು ತಿಳಿಯುವುದಕ್ಕೆ ಗ್ರಾಮ ಪಂಚಾಯತಿಯ ಮೇಜಿಗಿಂತ ಯೋಗ್ಯವಾದ ಸ್ಥಳ ಮತ್ತೊಂದಿಲ್ಲ.

ಚಾವಡಿಯಿಂದ ಪಂಚಾಯತಿಗೆ

ಪಟ್ಟಣದ ಓದುಗರಲ್ಲಿ ಅನೇಕರಿಗೆ ಪಂಚಾಯತಿ ಎಂದೊಡನೆ ಅರಳಿಕಟ್ಟೆ, ಐದು ಜನ ಹಿರಿಯರು, ಒಂದು ಹುಕ್ಕ, ಇಷ್ಟೇ ಕಣ್ಣಿಗೆ ಕಟ್ಟುತ್ತದೆ. ಇಂದಿನ ಪಂಚಾಯತಿ ಅದಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1920ರಲ್ಲಿ, ಗ್ರಾಮ ಪಂಚಾಯತಿಗಳ ಕಾಯಿದೆಯೊಂದು ಬಂದಿತ್ತು. 1956ರ ನವೆಂಬರ್ 1ರಂದು ಈ ಭಾಗ ವಿಶಾಲ ಮೈಸೂರು ರಾಜ್ಯವನ್ನು ಸೇರಿದ ಮೇಲೆ 1959ರ ಕಾಯಿದೆ ಎಲ್ಲ ಹಳ್ಳಿಗಳಿಗೂ ಒಂದೇ ಬಗೆಯ ಪಂಚಾಯತಿಯನ್ನು ಕೊಟ್ಟಿತು. ಪಂಚಾಯತಿಯ ಮುಖ್ಯಸ್ಥನನ್ನು ಉತ್ತರ ಕರ್ನಾಟಕದ ಜನ ಇಂದಿಗೂ ‘ಚೇರಮನ್’ ಎಂದು ಕರೆಯುವುದು ಆ ಕಾಲದ ಗುರುತು.

1983ರಲ್ಲಿ, ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬರ ಮುಂದಾಳುತನದಲ್ಲಿ ಆದ ಕಾಯಿದೆಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳನ್ನು ಸ್ಥಾಪಿಸಿತು. 1987ರ ಚುನಾವಣೆಯಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. ದೇಶದಲ್ಲಿ ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿ 1993ರ ಏಪ್ರಿಲ್ 24ರಿಂದ ಜಾರಿಗೆ ಬರುವಷ್ಟರಲ್ಲಿ ಕರ್ನಾಟಕಕ್ಕೆ ಈ ಹಾದಿಯ ಪರಿಚಯವಾಗಿತ್ತು. ಇಂದಿನ ಗ್ರಾಮ ಪಂಚಾಯತಿ ಆ ವರ್ಷದ ರಾಜ್ಯ ಕಾಯಿದೆಯ ಕೂಸು. ಸುಮಾರು ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯ. ಐದು ವರ್ಷದ ಅವಧಿ. ಪಕ್ಷಗಳ ಚಿಹ್ನೆಯಿಲ್ಲದ ಚುನಾವಣೆ. 2010ರಿಂದ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ. ಕಾಯಿದೆಯ ಸಂಗತಿ ಇಷ್ಟು ಸಾಕು. ಉಳಿದುದನ್ನು ವರ್ಷವೇ ಹೇಳುತ್ತದೆ.

ಏಪ್ರಿಲ್: ಘರಪಟ್ಟಿ ಮತ್ತು ಉತಾರ

ಯುಗಾದಿಯ ಬೇವು ಬೆಲ್ಲಕ್ಕೂ ಪಂಚಾಯತಿಯ ಹೊಸ ವರ್ಷಕ್ಕೂ ಹೆಚ್ಚು ಅಂತರವಿಲ್ಲ. ಏಪ್ರಿಲ್ ಒಂದರಂದು ಹಳೆಯ ಪುಸ್ತಕಗಳು ಮುಚ್ಚಿ ಹೊಸವು ತೆರೆಯುತ್ತವೆ. ಆ ದಿನದಿಂದ ಕರವಸೂಲಿಗಾರನ ಓಣಿ ಸಂಚಾರವೂ ಆರಂಭ. ಊರಿನ ಜನರಿಗೆ ಅವನು ‘ಬಿಲ್ ಕಲೆಕ್ಟರ’. ಬೆಳಗಾವಿಯ ಕಲೆಕ್ಟರರನ್ನು ನೋಡದವರೂ ಈ ಕಲೆಕ್ಟರನನ್ನು ಬಲ್ಲರು. ಅವನ ದನಿ ಕೇಳಿ ಮನೆಯ ಯಜಮಾನ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ನಡೆಯುವುದೂ ಉಂಟು.

ಅವನು ಕೇಳುವುದು ಎರಡು ಬಗೆಯ ಹಣ: ಘರಪಟ್ಟಿ ಮತ್ತು ನೀರಪಟ್ಟಿ. ಘರಪಟ್ಟಿಯ ಜೊತೆಗೆ ಗ್ರಂಥಾಲಯ ಕರ, ಭಿಕ್ಷುಕರ ಕರ ಮೊದಲಾದ ಚಿಕ್ಕ ಚಿಕ್ಕ ಬಾಬುಗಳು ಕೂಡಿಕೊಂಡಿರುತ್ತವೆ. ಬಾಗಿಲಲ್ಲಿ ನಡೆಯುವ ಸಂಭಾಷಣೆ ಪ್ರತಿವರ್ಷ ಒಂದೇ.

“ನಳಕ್ಕ ನೀರ ಸರೀ ಬರೂದಿಲ್ಲ, ಪಟ್ಟಿ ಯಾಕ ಕೊಡಬೇಕೋ ತಮ್ಮಾ?”

“ಪಟ್ಟಿ ಕೊಟ್ಟರ ಮೋಟಾರ ರಿಪೇರಿ ಆಗತೈತ್ರೀ ಕಾಕಾ.”

“ಮೊದಲ ರಿಪೇರಿ ಆಗಲಿ.”

ಈ ಮೂರು ಮಾತುಗಳಲ್ಲಿ ಪಂಚಾಯತಿಯ ಅರ್ಥಶಾಸ್ತ್ರವೆಲ್ಲ ಅಡಗಿದೆ. ಸರಕಾರದಿಂದ ಬರುವ ಅನುದಾನಕ್ಕೆ ಷರತ್ತುಗಳಿರುತ್ತವೆ. ಉದಾಹರಣೆಗೆ, ಹದಿನೈದನೆಯ ಹಣಕಾಸು ಆಯೋಗದ ಅವಧಿಯಲ್ಲಿ, 2021ರಿಂದ 2026ರ ವರೆಗೆ, ಅನುದಾನದ ನೂರಕ್ಕೆ ಅರವತ್ತು ಭಾಗವನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮಾತ್ರವೇ ಬಳಸಬೇಕಾಗಿತ್ತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಶಾಲೆಯ ಎದುರಿನ ಗಟಾರದ ಕಲ್ಲು ಕುಸಿದರೆ, ಬೀದಿಯ ದೀಪ ಆರಿದರೆ, ಸತ್ತ ನಾಯಿಯನ್ನು ಸಾಗಿಸಬೇಕಾದರೆ ಯಾರ ಅಪ್ಪಣೆಯನ್ನೂ ಕಾಯದೆ ಕೈಹಾಕಬಹುದಾದ ಹಣ ಒಂದೇ. ಅದು ಬಾಗಿಲು ಬಾಗಿಲಿಗೆ ಹೋಗಿ ಕೂಡಿಹಾಕಿದ ಪಟ್ಟಿಯ ಹಣ.

ಕರ ಕೊಟ್ಟವನಿಗೆ ಒಂದು ಪಾವತಿ ಸಿಗುತ್ತದೆ. ಕರದ ಪುಸ್ತಕದಲ್ಲಿ ಅವನ ಮನೆಯ ನಂಬರಿನ ಮುಂದೆ ಹೆಸರು, ಉದ್ದ ಅಗಲ, ಚೆಕ್ಕುಬಂದಿ ಇವೆಲ್ಲ ಇರುತ್ತವೆ. ಆ ಪುಟದ ನಕಲಿಗೆ ಈ ಸೀಮೆಯ ಜನ ‘ಉತಾರ’ ಎನ್ನುತ್ತಾರೆ. ಪಟ್ಟಣದವರಿಗೆ ಇದರ ಬೆಲೆ ಸುಲಭವಾಗಿ ತಿಳಿಯದು. ಹೊಲಕ್ಕೆ ಪಹಣಿಯುಂಟು, ಅದನ್ನು ಬರೆಯುವುದಕ್ಕೆ ತಲಾಠಿಯುಂಟು. ಆದರೆ ಗಾವಠಾಣದೊಳಗೆ, ಅಂದರೆ ಊರಿನ ವಸತಿಯ ಮೇರೆಯೊಳಗೆ, ಅಜ್ಜ ಮುತ್ತಜ್ಜರ ಕಾಲದಿಂದ ಗೋಡೆಗೆ ಗೋಡೆ ಹಚ್ಚಿಕೊಂಡು ನಿಂತ ಮನೆಗಳಿಗೆ ಪಹಣಿಯಿಲ್ಲ. ಎಷ್ಟೋ ಮನೆಗಳಿಗೆ ಖರೀದಿ ಪತ್ರವೂ ಇರುವುದಿಲ್ಲ. ಇದು ಇಂಥವರ ಮನೆ ಎಂದು ಹೇಳುವ ಲಿಖಿತವೆಂದರೆ ಪಂಚಾಯತಿಯ ಉತಾರವೊಂದೇ. ಇ-ಸ್ವತ್ತು ಎಂಬ ಗಣಕ ವ್ಯವಸ್ಥೆ ಬಂದುದು, 2020ರಲ್ಲಿ ಸ್ವಾಮಿತ್ವ ಯೋಜನೆಯಡಿ ಡ್ರೋನ್‌ಗಳಿಂದ ಗಾವಠಾಣಗಳನ್ನು ಅಳೆಯಲು ತೊಡಗಿದುದು, ಎಲ್ಲವೂ ಈ ಕೊರತೆಯನ್ನು ತುಂಬುವುದಕ್ಕಾಗಿಯೇ.

ಅಜ್ಜನ ಹೆಸರು ಹಾಗೆಯೇ ಉಳಿದಿರುವುದು, ತಮ್ಮಂದಿರು ಬೇರೆಯಾದರೂ ಪುಸ್ತಕದಲ್ಲಿ ಮನೆ ಒಂದೇ ಆಗಿರುವುದು, ಗಂಡ ತೀರಿಕೊಂಡ ಮೇಲೆ ಹೆಂಡತಿಯ ಹೆಸರು ಏರದಿರುವುದು, ಇವು ಯಾವ ಹಳ್ಳಿಯಲ್ಲಿಯೂ ಅಪರೂಪವಲ್ಲ. ಏಪ್ರಿಲ್ ತಿಂಗಳಲ್ಲಿ ಇವುಗಳ ಗೊಡವೆ ಯಾರಿಗೂ ಬೇಡ. “ಮುಂದ ನೋಡೂಣು” ಎಂದು ಎಲ್ಲರೂ ಏಳುತ್ತಾರೆ. ಮುಂದೆ ಬರುವುದು ಯಾವುದೆಂದು ನದಿಗೆ ಮಾತ್ರ ಗೊತ್ತು.

ಮೇ: ನದಿಯ ಪಕ್ಕದ ಬಾಯಾರಿಕೆ

ನದಿಯ ದಂಡೆಯ ಊರಿಗೆ ನೀರಿನ ಬರವೇ ಎಂದು ಓದುಗರು ಕೇಳಬಹುದು. ಸಹ್ಯಾದ್ರಿಯಲ್ಲಿ ಹುಟ್ಟುವ ವೇದಗಂಗೆಗೆ ಮಹಾರಾಷ್ಟ್ರದ ಪಾಟಗಾವದಲ್ಲಿ ಜಲಾಶಯವಿದೆ. ಬೇಸಿಗೆಯಲ್ಲಿ ನದಿಯ ಪಾತ್ರದಲ್ಲಿ ನೀರು ನಿಲ್ಲುವುದೂ ನಿಲ್ಲದಿರುವುದೂ ಮೇಲಿನಿಂದ ಎಷ್ಟು ಬಿಟ್ಟರು, ನಡುವೆ ಎಷ್ಟು ಪಂಪುಗಳು ಎತ್ತಿಕೊಂಡವು ಎಂಬುದನ್ನು ಅವಲಂಬಿಸಿದೆ. ಕಬ್ಬಿಗೆ ಬೇಸಿಗೆಯಲ್ಲಿ ನೀರಿಲ್ಲದೆ ಆಗದು. ಕಬ್ಬಿನ ಬಾಯಾರಿಕೆಯ ಮುಂದೆ ಮನುಷ್ಯರ ಬಾಯಾರಿಕೆ ಚಿಕ್ಕದು. ಆದರೆ ಕಬ್ಬು ಪಂಚಾಯತಿಗೆ ಬಂದು ಗದ್ದಲ ಮಾಡುವುದಿಲ್ಲ, ಮನುಷ್ಯರು ಮಾಡುತ್ತಾರೆ.

ಇಂತಹ ದಿನಗಳಲ್ಲಿ ಊರಿನ ನಿಜವಾದ ಅಧಿಕಾರಿ ನೀರಗಂಟಿ. ಯಾವ ಓಣಿಯ ವಾಲ್ವು ಎಷ್ಟು ತಿರುಗಬೇಕು, ಎತ್ತರದ ಓಣಿಗೆ ಎಷ್ಟು ಹೊತ್ತಿಗೆ ನೀರು ಏರುತ್ತದೆ, ಎಲ್ಲಿ ಪೈಪು ಒಳಗೊಳಗೇ ಸೋರುತ್ತದೆ, ಈ ಭೂಗೋಳವೆಲ್ಲ ಅವನ ತಲೆಯಲ್ಲಿರುತ್ತದೆ. 2019ರ ಆಗಸ್ಟ್ 15ರಂದು ಘೋಷಿತವಾದ ಜಲಜೀವನ ಮಿಶನ್ ಪ್ರತಿಯೊಂದು ಗ್ರಾಮೀಣ ಮನೆಗೂ ನಳವನ್ನೂ, ತಲೆಗೆ ದಿನಕ್ಕೆ ಐವತ್ತೈದು ಲೀಟರ್ ನೀರನ್ನೂ ಗುರಿಯಾಗಿಟ್ಟುಕೊಂಡಿತು. ನಳವನ್ನು ಹಾಕುವುದು ಒಂದು ಸಲದ ಕೆಲಸ. ಅದರಲ್ಲಿ ನೀರು ಬರಿಸುವುದು ಪ್ರತಿದಿನದ ಕೆಲಸ. ಮೊದಲನೆಯದಕ್ಕೆ ಗುತ್ತಿಗೆದಾರನುಂಟು. ಎರಡನೆಯದಕ್ಕೆ ಪಂಚಾಯತಿ, ಅದರ ನೀರಗಂಟಿ, ಮತ್ತು ಕಾಕಾ ಕೊಡಬೇಕಾದ ನೀರಪಟ್ಟಿ.

ಜೂನ್, ಜುಲೈ, ಆಗಸ್ಟ್: ಸೇತುವೆ ಮುಳುಗುವ ದಿನಗಳು

ರೋಹಿಣಿ ಮಳೆಯೊಂದಿಗೆ ಬಿತ್ತನೆಯ ಗಡಿಬಿಡಿ, ಮೃಗಶಿರೆಯೊಂದಿಗೆ ಹಸಿರು. ಆಗ ಊರನ್ನು ನೋಡಬೇಕು. ನದಿಯ ನೀರು ಮೊದಲು ಕೆಂಪಾಗುತ್ತದೆ, ಆಮೇಲೆ ಏರುತ್ತದೆ. ಘಟ್ಟದ ಮೇಲೆ ಮೂರು ದಿನ ಹಿಡಿದುಕೊಂಡು ಮಳೆಯಾದರೆ ಅಕ್ಕೋಳದಲ್ಲಿ ಬಿಸಿಲಿದ್ದರೂ ಹೊಳೆ ಉಕ್ಕಬಹುದು. ಅಕ್ಕೋಳಕ್ಕೂ ಆಚೆಯ ದಂಡೆಯ ಸಿದ್ನಾಳಕ್ಕೂ ನಡುವೆ ತಗ್ಗಿನ ಸೇತುವೆಯೊಂದಿದೆ. ಮಳೆಗಾಲ ಬಂತೆಂದರೆ ವೃತ್ತಪತ್ರಿಕೆಗಳು ಮುಳುಗಿದ ಸೇತುವೆಗಳ ಪಟ್ಟಿಯೊಂದನ್ನು ಪ್ರಕಟಿಸುತ್ತವೆ: ವೇದಗಂಗೆಯ ಅಕ್ಕೋಳ-ಸಿದ್ನಾಳ, ಜತ್ರಾಟ-ಭೀವಶಿ, ಭೋಜವಾಡಿ-ಕುನ್ನೂರ, ದೂಧಗಂಗೆಯ ಕಾರದಗಾ-ಭೋಜ, ಕೃಷ್ಣೆಯ ಕಲ್ಲೋಳ-ಯಡೂರ. ನಾಡಿನ ಉಳಿದ ಜನರು ಅಕ್ಕೋಳದ ಹೆಸರನ್ನು ಓದುವುದು ಬಹುಶಃ ಈ ಒಂದು ಪಟ್ಟಿಯಲ್ಲಿಯೇ.

ಸೇತುವೆ ಮುಳುಗಿದರೆ ಕೂಗಳತೆಯ ಊರು ಪರದೇಶವಾಗುತ್ತದೆ. ಆಚೆಯ ದಂಡೆಗೆ ಹೋಗಬೇಕಾದವರು ಸುತ್ತುದಾರಿ ಹಿಡಿಯಬೇಕು. ಹಾಲು, ಶಾಲೆಯ ಮಕ್ಕಳು, ಬಾಣಂತಿಯರು, ಬೀಗರು, ಎಲ್ಲರಿಗೂ ಅದೇ ಗತಿ. ಸೇತುವೆಯನ್ನು ಎತ್ತರಿಸುವುದು ಪಂಚಾಯತಿಯ ಅಧಿಕಾರಕ್ಕೆ ಮೀರಿದ್ದು. ಜಲಾಶಯದ ಬಾಗಿಲನ್ನು ತೆರೆಯುವವರು ಬೇರೆಯ ರಾಜ್ಯದವರು. ಕೆಳಗೆ ಕೃಷ್ಣೆ ತುಂಬಿದ್ದರೆ ದೂಧಗಂಗೆಯ ನೀರು ಮುಂದೆ ಸರಿಯದು. ದೂಧಗಂಗೆ ಸರಿಯದಿದ್ದರೆ ವೇದಗಂಗೆಗೂ ದಾರಿಯಿಲ್ಲ. ಹೀಗೆ ಮೇಲಿನದೂ ಕೆಳಗಿನದೂ ಪಂಚಾಯತಿಯ ಕೈಯಲ್ಲಿಲ್ಲ. ಅದು ಮಾಡಬಹುದಾದುದೆಂದರೆ ಡಂಗುರ ಸಾರಿಸುವುದು, ಧ್ವನಿವರ್ಧಕ ಕಟ್ಟಿದ ವಾಹನವನ್ನು ಓಣಿಗಳಲ್ಲಿ ತಿರುಗಿಸುವುದು, ಸೇತುವೆಯ ಬಾಯಿಗೆ ಅಡ್ಡಗಟ್ಟುವುದು, ತಗ್ಗಿನ ಮನೆಗಳವರನ್ನು ಶಾಲೆಗೆ ಸಾಗಿಸುವುದು, ಅಲ್ಲಿ ಅನ್ನಕ್ಕೂ ಬೆಳಕಿಗೂ ವ್ಯವಸ್ಥೆ ಮಾಡುವುದು. ಜನರನ್ನು ಎಬ್ಬಿಸುವುದು ಸುಲಭ. ದನಗಳನ್ನು ಬಿಟ್ಟು ಬರಲು ಅವರನ್ನು ಒಪ್ಪಿಸುವುದು ಕಠಿಣ. “ಎಮ್ಮಿ ಎಲ್ಲಿ ಕಟ್ಟಲಿ?” ಎಂಬ ಮುದುಕಿಯ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಮನೆ ಖಾಲಿಯಾಗುವುದು. ಆದುದರಿಂದ ಮೇವಿನ ವ್ಯವಸ್ಥೆಯೂ ಅನ್ನದ ವ್ಯವಸ್ಥೆಯಷ್ಟೇ ಮುಖ್ಯ.

2019ರ ಆಗಸ್ಟ್ ಮೊದಲೆರಡು ವಾರಗಳಲ್ಲಿ ಬೆಳಗಾವಿ ಜಿಲ್ಲೆಯ ನದೀತೀರಗಳು ಕಂಡ ಮಹಾಪೂರವನ್ನು ಈ ಭಾಗದ ಜನ ಮರೆತಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ, ಘಟಪ್ರಭಾ, ಮಲಪ್ರಭಾ ಎಲ್ಲವೂ ಒಟ್ಟಿಗೆ ಉಕ್ಕಿದವು. ನೀರು ಇಳಿದ ಮೇಲೆ ಕೆಸರು ಬಳಿದ ಮನೆಗಳ ಮುಂದೆ ಸರಕಾರದ ತಂಡಗಳು ಬಂದು ನಿಂತವು. ಅಲ್ಲಿಂದ ಎರಡನೆಯ ಮಹಾಪೂರ ಆರಂಭವಾಯಿತು, ಅದು ಕಾಗದಗಳದು. ಬಿದ್ದ ಮನೆಗಳನ್ನು ಮೂರು ಅಕ್ಷರಗಳಿಂದ ಅಳೆಯಲಾಯಿತು. ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಹಾನಿಯಾಗಿದ್ದರೆ ‘ಎ’; ಇಪ್ಪತ್ತೈದರಿಂದ ಎಪ್ಪತ್ತೈದರ ವರೆಗೆ ‘ಬಿ’; ಅದಕ್ಕೂ ಕಡಿಮೆಯಾದರೆ ‘ಸಿ’. ತಕ್ಷಣದ ಖರ್ಚಿಗೆ ಕುಟುಂಬಕ್ಕೆ ಹತ್ತು ಸಾವಿರ ರೂಪಾಯಿ. ಪೂರ್ತಿ ಬಿದ್ದ ಮನೆಯನ್ನು ಹೊಸದಾಗಿ ಕಟ್ಟಿಕೊಳ್ಳಲು ಐದು ಲಕ್ಷ ರೂಪಾಯಿ. ಒಂದು ಮಣ್ಣಿನ ಗೋಡೆ ನಿಂತಿದೆಯೋ ಬಾಗಿದೆಯೋ ಎಂಬುದರ ಮೇಲೆ ಒಂದು ಸಂಸಾರದ ಭವಿಷ್ಯ ನಿಂತಿತು.

ಗೋಡೆಗಿಂತ ಮೊದಲು ಕೇಳುವ ಪ್ರಶ್ನೆ ಇನ್ನೊಂದಿತ್ತು: ಈ ಮನೆ ಯಾರದು? ಉತಾರ ಎಲ್ಲಿ? ಏಪ್ರಿಲ್‌ನಲ್ಲಿ “ಮುಂದ ನೋಡೂಣು” ಎಂದು ಮಡಚಿಟ್ಟ ಪುಟ ಆಗಸ್ಟಿನಲ್ಲಿ ತೆರೆಯಬೇಕಾಯಿತು. ಅಜ್ಜನ ಹೆಸರಿನ ಒಂದು ಮನೆಯಲ್ಲಿ ಮೂರು ಒಲೆಗಳಿದ್ದರೆ ಪರಿಹಾರ ಒಂದೋ, ಮೂರೋ? ಗಂಡನ ಹೆಸರೇ ಉಳಿದ ಮನೆಯಲ್ಲಿ ವಿಧವೆಯ ಖಾತೆಗೆ ಹಣ ಬೀಳುವುದು ಹೇಗೆ? ಪುಸ್ತಕದಲ್ಲಿ ನಂಬರೇ ಇಲ್ಲದ ಜಾಗದಲ್ಲಿ ಕಟ್ಟಿಕೊಂಡ ಗುಡಿಸಲು ಬಿದ್ದರೆ ಅದು ಬಿದ್ದಂತೆಯೋ, ಇಲ್ಲವೋ? ಇವು ಜಿಲ್ಲೆಯ ದಂಡೆಯ ಊರುಗಳಲ್ಲೆಲ್ಲ ಎದ್ದ ಪ್ರಶ್ನೆಗಳು. ನದಿಗೆ ಎಲ್ಲ ಗೋಡೆಗಳೂ ಸಮಾನ, ಪುಸ್ತಕಕ್ಕೆ ಅಲ್ಲ.

ಜಮಾಬಂದಿ

ಮಳೆ ಹಿಂದೆಗೆಯುವ ಹೊತ್ತಿಗೆ, ಆಗಸ್ಟ್ ಸೆಪ್ಟೆಂಬರ್‌ಗಳ ಸುಮಾರಿಗೆ, ಪಂಚಾಯತಿಯಲ್ಲಿ ಜಮಾಬಂದಿ ನಡೆಯುತ್ತದೆ. ಹೆಸರು ಹಳೆಯದು, ಕಂದಾಯದ ಅಧಿಕಾರಿಗಳು ವರ್ಷಕ್ಕೊಮ್ಮೆ ಬಂದು ಹಳ್ಳಿಯ ಲೆಕ್ಕ ನೋಡುತ್ತಿದ್ದ ಪದ್ಧತಿಯ ಹೆಸರು. ಇಂದಿನ ಪಂಚಾಯತಿಯ ಜಮಾಬಂದಿಯಲ್ಲಿ ಲೆಕ್ಕ ನೋಡುವವರು ಜನರು. ಹಿಂದಿನ ವರ್ಷ ಬಂದ ಹಣವೆಷ್ಟು, ಆದ ಕಾಮಗಾರಿ ಯಾವುದು, ಕೊಟ್ಟ ಬಿಲ್ಲೆಷ್ಟು, ಇವನ್ನು ಅವರ ಮುಂದೆ ಓದಬೇಕು. ಬರೆದ ಕೆಲಸ ನೆಲದ ಮೇಲೆ ಇದೆಯೋ ಇಲ್ಲವೋ ಎಂಬುದನ್ನು ಹೋಗಿ ನೋಡಬೇಕು.

ನೋಡತಕ್ಕ ಸಂಗತಿಯಿದು. ಗಟಾರದ ಉದ್ದವನ್ನು ಟೇಪು ಹಿಡಿದು ಅಳೆಯುವಾಗ ಓಣಿಯ ಹುಡುಗರೆಲ್ಲ ಸುತ್ತ ನೆರೆಯುತ್ತಾರೆ. ಕಡತದಲ್ಲಿ ಅಂಕಿಗಳಾಗಿ ಮಲಗಿದ್ದ ಕೆಲಸ ಸಿಮೆಂಟು ಕಲ್ಲುಗಳಾಗಿ ಎದ್ದು ನಿಂತಾಗಲೇ ಜನರಿಗೆ ನಂಬಿಕೆ. ಶಾಲೆಯನ್ನೇ ಕಾಣದ ಅಜ್ಜಿಯೂ ತನ್ನ ಮನೆಯ ಮುಂದಿನ ಗಟಾರದ ವಿಷಯದಲ್ಲಿ ಎಂಜಿನಿಯರರಿಗಿಂತ ಕಡಿಮೆಯವಳಲ್ಲ. ನೀರು ಯಾವ ಕಡೆಗೆ ಹರಿಯುತ್ತದೆಂಬುದನ್ನು ಅವಳು ಐವತ್ತು ಮಳೆಗಾಲ ನೋಡಿದ್ದಾಳೆ.

ಗ್ರಾಮಸಭೆ

ಗಣಪತಿ ಬಂದು ಹೋದ ಮೇಲೆ, ದಸರೆ ದೀಪಾವಳಿಗಳ ಆಸುಪಾಸಿನಲ್ಲಿ, ಮುಂದಿನ ವರ್ಷದ ಯೋಜನೆಯ ಮಾತು ಹುಟ್ಟುತ್ತದೆ. ಮೊದಲು ವಾರ್ಡುಸಭೆ, ಅನಂತರ ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕೆಂದು ಕಾಯಿದೆ ಹೇಳುತ್ತದೆ. ಮತದಾರರಲ್ಲಿ ಹತ್ತರಲ್ಲೊಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ಅವರಲ್ಲಿ ಸ್ತ್ರೀಯರ ಪಾಲೂ ತಕ್ಕಷ್ಟಿರಬೇಕು. ಸಭೆಗೆ ಬರುವುದಕ್ಕಿಂತ ಸಭೆಯಾದ ಮೇಲೆ ಚಹಾದಂಗಡಿಯಲ್ಲಿ ವಾದಿಸುವುದರಲ್ಲಿಯೇ ಹೆಚ್ಚು ರುಚಿ ಕಾಣುವವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಆದರೆ ಮನೆ ಹಂಚುವ ಪಟ್ಟಿ ಓದುತ್ತಾರೆಂದರೆ ಜಾಗ ಸಾಲದು.

ಆಶ್ರಯವಿಲ್ಲದವರಿಗೆ ಮನೆ ಕೊಡುವ ಯೋಜನೆಗಳಲ್ಲಿ ಫಲಾನುಭವಿಗಳನ್ನು ಆರಿಸಬೇಕಾದುದು ಗ್ರಾಮಸಭೆಯೇ. ಕೇಳುವವರು ಬಹಳ, ಮನೆಗಳು ಕಡಿಮೆ. ಹೆಸರುಗಳನ್ನು ಓದುವಾಗ ಸಭೆಯಲ್ಲಿ ಒಂದು ವಿಚಿತ್ರ ಮೌನ ಕವಿಯುತ್ತದೆ. ಮುಂದಿನ ಸಾಲಿನ ಗಂಡಸರು ಮೀಸೆ ತಿರುವುತ್ತಾರೆ. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದ ಹೆಂಗಸರು ಬೆರಳು ಮಡಚಿ ಎಣಿಸುತ್ತಾರೆ. ಹಕ್ಕುಪತ್ರವನ್ನು ಸಾಮಾನ್ಯವಾಗಿ ಮನೆಯ ಹೆಂಗಸಿನ ಹೆಸರಿನಲ್ಲಿ ಕೊಡುವ ಪದ್ಧತಿ ಬಂದ ಮೇಲೆ ಹಿಂದಿನ ಸಾಲಿನ ಎಣಿಕೆಗೆ ಬಲ ಬಂದಿದೆ. ತವರಿನಲ್ಲಿ ಅಣ್ಣನ ಮನೆ, ಇಲ್ಲಿ ಗಂಡನ ಮನೆ ಎಂದು ಆಯುಷ್ಯವೆಲ್ಲ ಕಳೆದವಳಿಗೆ ತನ್ನ ಹೆಸರಿನ ಉತಾರ ಸಿಗುವುದು ಸಣ್ಣ ಸಂಗತಿಯಲ್ಲ.

ಮೀಸಲಾತಿ ಬಂದ ಮೊದಲ ದಿನಗಳಲ್ಲಿ ಅನೇಕ ಹಳ್ಳಿಗಳಲ್ಲಿ ಸದಸ್ಯೆಯ ಕುರ್ಚಿಯ ಪಕ್ಕದಲ್ಲಿ ಅವಳ ಗಂಡನ ಕುರ್ಚಿಯೂ ಇರುತ್ತಿತ್ತು, ಮಾತನಾಡುತ್ತಿದ್ದವನು ಅವನೇ. ಅದು ಎಲ್ಲೆಡೆಯೂ ಪೂರ್ತಿಯಾಗಿ ಹೋಗಿದೆ ಎನ್ನಲಾಗದು. ಆದರೂ ನೀರಿನ ಪ್ರಶ್ನೆ ಬಂದಾಗ ಗಂಡನ ಮಾತು ಬಹಳ ದೂರ ಓಡುವುದಿಲ್ಲ. ಕೊಡ ಹೊತ್ತವಳಿಗೆ ಗೊತ್ತಿರುವಷ್ಟು ಅವನಿಗೆ ಗೊತ್ತಿರುವುದಿಲ್ಲ. ದಾಖಲೆ ಕನ್ನಡದಲ್ಲಿ, ವಾದ ಮರಾಠಿಯಲ್ಲಿ, ಜಗಳ ಎರಡರಲ್ಲಿ. ಗಡಿಸೀಮೆಯ ಗ್ರಾಮಸಭೆಯ ಸೊಗಸು ಇದು. ಭಾಷೆಯ ಹೆಸರಿನಲ್ಲಿ ರಾಜಧಾನಿಗಳಲ್ಲಿ ಎಷ್ಟೇ ಕಾವೇರಲಿ, ನಳದ ಮುಂದೆ ಕೊಡಗಳ ಸಾಲಿಗೆ ಭಾಷೆಯಿಲ್ಲ.

ಇನ್ನೊಂದು ಸಭೆಯೂ ಉಂಟು. ಕರ್ನಾಟಕದಲ್ಲಿ ಪಂಚಾಯತಿಗಳು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ, ಮಕ್ಕಳ ಗ್ರಾಮಸಭೆಯನ್ನು ಕರೆಯಬೇಕು. ದೊಡ್ಡವರು ರಸ್ತೆ, ಸಮುದಾಯ ಭವನ ಎಂದು ಕೇಳಿದರೆ ಮಕ್ಕಳು ಶೌಚಾಲಯದ ಬಾಗಿಲಿಗೆ ಅಗುಳಿ ಬೇಕೆನ್ನುತ್ತಾರೆ, ಆಟದ ಬಯಲಿಗೆ ಬೇಲಿ ಬೇಕೆನ್ನುತ್ತಾರೆ, ಪಂಚಾಯತಿ ವಾಚನಾಲಯಕ್ಕೆ ಹೊಸ ಪುಸ್ತಕ ಬೇಕೆನ್ನುತ್ತಾರೆ. ಬೇಡಿಕೆಗಳು ಚಿಕ್ಕವು. ಚಿಕ್ಕವಾದುದರಿಂದಲೇ ‘ಆಗದು’ ಎನ್ನಲು ನೆಪ ಸಿಗದು.

ಕಬ್ಬಿನ ಕಾಲ

ಕಾರ್ತಿಕದ ಚಳಿಯೊಂದಿಗೆ ಸಕ್ಕರೆ ಕಾರಖಾನೆಗಳ ಹೊಗೆಕೊಳವೆಗಳು ಎಚ್ಚರವಾಗುತ್ತವೆ. ಕಬ್ಬು ಕಟಾವು ಮಾಡುವ ಗ್ಯಾಂಗುಗಳು ದೂರದ ಬರಸೀಮೆಗಳಿಂದ ಹೆಂಡಿರು ಮಕ್ಕಳೊಂದಿಗೆ ಬಂದು ಹೊಲದಂಚಿನಲ್ಲಿ ಗುಡಿಸಲು ಹಾಕುತ್ತವೆ. ಅವರ ಹೆಸರುಗಳು ಈ ಊರಿನ ಮತದಾರರ ಯಾದಿಯಲ್ಲಿಲ್ಲ, ಕರದ ಪುಸ್ತಕದಲ್ಲಿಲ್ಲ. ಆದರೂ ಅವರಿಗೆ ಕುಡಿಯಲು ನೀರು ಬೇಕು, ಅವರ ಮಕ್ಕಳಿಗೆ ಲಸಿಕೆ ಬೇಕು, ಶಾಲೆ ಬೇಕು. ಪುಸ್ತಕದ ಮಿತಿ ಎಲ್ಲಿದೆಯೆಂಬುದನ್ನು ಈ ಗುಡಿಸಲುಗಳು ಪ್ರತಿವರ್ಷ ತೋರಿಸಿಕೊಡುತ್ತವೆ.

ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರಾಕ್ಟರುಗಳು ಹಗಲಿರುಳೂ ಓಡಾಡಿ, ಮಳೆ ಉಳಿಸಿದ್ದ ರಸ್ತೆಗಳನ್ನು ತಾವು ಮುಗಿಸುತ್ತವೆ. ಕಬ್ಬಿನ ಹಣ ರೈತನ ಖಾತೆಗೆ ಬಂದ ವಾರದಲ್ಲಿ ಬಿಲ್ ಕಲೆಕ್ಟರನೂ ಓಣಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಕಾಲವನ್ನು ಅರಿತು ಕೇಳುವುದು ಅವನ ವಿದ್ಯೆ. ಆಗ ಹಿತ್ತಲ ಬಾಗಿಲಿನಿಂದ ಹೋಗುವವರು ಕಡಿಮೆ.

ಕೆಲಸವಿಲ್ಲದ ದಿನಗಳಿಗೆಂದು 2005ರಲ್ಲಿ ಬಂದ ಉದ್ಯೋಗ ಖಾತರಿ ಕಾಯಿದೆಯು ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ ನೂರು ದಿನ ಕೆಲಸದ ಹಕ್ಕನ್ನು ಕೊಟ್ಟಿತ್ತು. ಆ ಕೆಲಸವನ್ನು ಕೇಳಬೇಕಾದುದೂ ಪಂಚಾಯತಿಯಲ್ಲಿಯೇ. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗದಲ್ಲಿ ಬೇರೊಂದು ಕಾಯಿದೆಯನ್ನು ತಂದಿತು. ದಿಲ್ಲಿಯಲ್ಲಿ ಹೆಸರು ಬದಲಾದಾಗಲೆಲ್ಲ ಹಳ್ಳಿಯ ಕಚೇರಿಯಲ್ಲಿ ಹೊಸ ನಮೂನೆ, ಹೊಸ ಪುಸ್ತಕ. ಕೇಳಲು ಬರುವ ಕೈಗಳು ಮಾತ್ರ ಹಳೆಯವೇ.

ಮಾರ್ಚ್: ಲೆಕ್ಕ ಮುಚ್ಚುವ ಹೊತ್ತು

ಸದಸ್ಯರು ಬರುತ್ತಾರೆ, ಹೋಗುತ್ತಾರೆ. 2020ರಲ್ಲಿ ಕೊರೋನಾ ಬೇನೆಯಿಂದ ಚುನಾವಣೆ ಮುಂದೆ ಹೋದಾಗ ರಾಜ್ಯದ ಪಂಚಾಯತಿಗಳಲ್ಲಿ ಕೆಲವು ತಿಂಗಳು ಚುನಾಯಿತ ಸದಸ್ಯರೇ ಇರಲಿಲ್ಲ. ಆಡಳಿತಾಧಿಕಾರಿಗಳು ಕೆಲಸ ನಡೆಸಿದರು. ಆ ವರ್ಷದ ಡಿಸೆಂಬರಿನಲ್ಲಿ ಮತದಾನವಾಗಿ ಹೊಸಬರು ಬಂದರು. ಯಾರೂ ಇಲ್ಲದಿದ್ದಾಗಲೂ ಪುಸ್ತಕವಿತ್ತು. ಅದರಲ್ಲಿ ಹೆಸರಿದ್ದವರ ಮನೆಗಳೂ ಇದ್ದವು.

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ದೀಪ ತಡವಾಗಿ ಆರುವ ಹಳ್ಳಿಯ ಕಟ್ಟಡವೆಂದರೆ ಪಂಚಾಯತಿ. ಮುಂದಿನ ವರ್ಷದ ಆಯವ್ಯಯ ಪತ್ರಕ್ಕೆ ಸಭೆಯ ಒಪ್ಪಿಗೆಯಾಗಿರಬೇಕು. ಬಂದ ಅನುದಾನಕ್ಕೆ ಲೆಕ್ಕ ಸೇರಿರಬೇಕು. ಕರ ವಸೂಲಿಯ ಅಂಕಿ ತಾಲೂಕು ಪಂಚಾಯತಿಗೆ ಹೋಗಬೇಕು. ಕಾರ್ಯದರ್ಶಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಗಣಕದ ಮುಂದೆ ಕುಳಿತ ಹುಡುಗ ಅಥವಾ ಹುಡುಗಿ, ಎಲ್ಲರ ಕಣ್ಣೂ ಕೆಂಪು. ಹೊರಗೆ ಹೊಳೆ ಮತ್ತೆ ಬಡಕಲಾಗಿರುತ್ತದೆ. ಸಿದ್ನಾಳದ ಸೇತುವೆಯ ಮೇಲೆ ಎಮ್ಮೆಗಳು ನಿಶ್ಚಿಂತೆಯಿಂದ ದಾಟುತ್ತಿರುತ್ತವೆ.

1882ರಲ್ಲಿ ಲಾರ್ಡ್ ರಿಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿದಾಗ ಅದನ್ನು ಮುಖ್ಯವಾಗಿ ಜನರ ರಾಜಕೀಯ ಶಿಕ್ಷಣವೆಂದು ಭಾವಿಸಿದ್ದ. ಸ್ವತಂತ್ರ ಭಾರತದ ಸಂವಿಧಾನ ತನ್ನ ನಲವತ್ತನೆಯ ವಿಧಿಯಲ್ಲಿ ಗ್ರಾಮ ಪಂಚಾಯತಿಗಳನ್ನು ಸ್ಥಾಪಿಸಬೇಕೆಂದು ರಾಜ್ಯಕ್ಕೆ ಹೇಳಿತು. ದೊಡ್ಡ ಮಾತುಗಳು ಇವು. ವೇದಗಂಗೆಯ ದಂಡೆಯಲ್ಲಿ ಅವುಗಳ ಅಳತೆ ಬಹಳ ಚಿಕ್ಕದು: ಒಂದು ವಾಲ್ವು, ಒಂದು ಗಟಾರ, ಒಂದು ದೀಪ, ಒಂದು ಸಾಲಿನಲ್ಲಿ ಸರಿಯಾಗಿ ಬರೆದ ಒಂದು ಹೆಸರು. ನದಿಯನ್ನು ತಡೆಯುವ ಶಕ್ತಿ ಪಂಚಾಯತಿಗಿಲ್ಲ. ನದಿ ಮನೆಯನ್ನು ಕೆಡವಿದ ಮೇಲೆ ಅಲ್ಲೊಂದು ಮನೆಯಿತ್ತು, ಅದು ಇಂಥವಳದಾಗಿತ್ತು ಎಂದು ಸಾಕ್ಷಿ ನುಡಿಯುವ ಶಕ್ತಿ ಅದಕ್ಕಿದೆ.

ಏಪ್ರಿಲ್ ಒಂದರಂದು ಬಿಲ್ ಕಲೆಕ್ಟರ ಮತ್ತೆ ಓಣಿಗೆ ಬರುತ್ತಾನೆ. ಮತ್ತದೇ ಮಾತು, ಮತ್ತದೇ ನಳ. ಆದರೆ ಮಹಾಪೂರ ಕಂಡ ಮನೆಯ ಅವ್ವ ಪಾವತಿಯನ್ನು ಹಿಂದಿನಂತೆ ಚುಟ್ಟಾದ ಡಬ್ಬಿಯಲ್ಲಿ ತುರುಕುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಉತಾರದ ಜೊತೆಗೆ, ಜಂತಿಯ ಸಂದಿಯಲ್ಲಿ ಎತ್ತರಕ್ಕೆ ಸಿಕ್ಕಿಸುತ್ತಾಳೆ, ನೀರು ಏರಲಾರದಷ್ಟು ಎತ್ತರಕ್ಕೆ.